ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್: ಅಲ್ಲಿ ಪಾಸಾದ ಕ್ರೆಡಿಟ್ ಇಲ್ಲಿ ಲೆಕ್ಕಕ್ಕೆ ಸಿಗಬೇಕಾದರೆ?

ಐದನೇಸೆಮ್:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಿಂದ ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೆ ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್ ಮೇಲೆ ಹೋಗೋದು ಖಚಿತವಾಗಿದೆ. ಪದವಿಯ ಐದನೇ ಸೆಮಿಸ್ಟರ್, ವಿಷಯ ಕಂಪ್ಯೂಟರ್ ಸೈನ್ಸ್. ನಮ್ಮ ಕಾಲೇಜಿನಲ್ಲಿ ಆ ಸೆಮಿಸ್ಟರ್‌ಗೆ 20 ಕ್ರೆಡಿಟ್ ಬೇಕು. ಲರ್ನಿಂಗ್ ಅಗ್ರಿಮೆಂಟ್ ಅಂತ ಒಂದು ಫಾರ್ಮ್ ಕಳಿಸಿದ್ದಾರೆ, ಮೂರು ವಾರದಲ್ಲಿ ತುಂಬಿ ಕೊಡಬೇಕು. ವೆಬ್‌ಸೈಟ್ ನೋಡಿ ಐದು ಕೋರ್ಸ್ ಹೆಸರು ಗುರುತು ಹಾಕಿಕೊಂಡಿದ್ದೇನೆ.

ಗೊಂದಲ ಇರೋದು ಮೂರು ಕಡೆ. ಅಲ್ಲಿನ ಕ್ರೆಡಿಟ್ಟಿಗೂ ನಮ್ಮ ಕ್ರೆಡಿಟ್ಟಿಗೂ ಏನು ಸಂಬಂಧ? ಅಲ್ಲಿನ ಅಂಕ ಇಲ್ಲಿಗೆ ಹೇಗೆ ಬರುತ್ತೆ? ನಮ್ಮ ಆರನೇ ಸೆಮಿಸ್ಟರ್ ಜನವರಿ ಮೊದಲ ವಾರವೇ ಶುರು, ಅಲ್ಲಿ ಪರೀಕ್ಷೆ ಫೆಬ್ರವರಿಯಲ್ಲಂತೆ. ಇದಕ್ಕೇನು ದಾರಿ? "ಚೆನ್ನಾಗಿರುತ್ತೆ, ಹೋಗಿ ಬಾ" ಅನ್ನೋ ಮಾತು ಬೇಕಾದಷ್ಟು ಸಿಕ್ಕಿದೆ. ಕಾಗದದ ಮೇಲೆ ಏನು ಮಾಡಬೇಕು ಅಂತ ಗೊತ್ತಿರೋರು ಹೇಳಿ.

ಕಡತಪ್ರೇಮಿ:

ಆ ಐದು ಹೆಸರುಗಳನ್ನು ಸದ್ಯಕ್ಕೆ ಬದಿಗಿಡಿ. ವೆಬ್‌ಸೈಟಿನ ಇಂಗ್ಲಿಷ್ ಪಟ್ಟಿ ಹೆಚ್ಚುಕಡಿಮೆ ಜಾಹೀರಾತು. ನೀವು ಹುಡುಕಬೇಕಾದ್ದು ಆ ವಿಭಾಗದ ಮೊಡೂಲ್‌ಹಾಂಡ್‌ಬೂಖ್, ಅಂದರೆ ಮಾಡ್ಯೂಲ್ ಕೈಪಿಡಿ (ಅಲ್ಲಿ ಕೋರ್ಸಿಗೆ ಮಾಡ್ಯೂಲ್ ಅಂತಾರೆ). ದಪ್ಪದೊಂದು ಪಿಡಿಎಫ್, ಒಂದೊಂದು ಮಾಡ್ಯೂಲ್‌ಗೆ ಒಂದೋ ಎರಡೋ ಪುಟ. ಪಠ್ಯದ ವಿವರ ಆಮೇಲೆ ಓದಿ. ಮೊದಲು ನೋಡಬೇಕಾದ್ದು ಇಷ್ಟು: ಯಾವ ಸೆಮಿಸ್ಟರ್‌ನಲ್ಲಿ ನಡೆಯುತ್ತೆ, ಎಷ್ಟು ಸೆಮಿಸ್ಟರ್ ಉದ್ದ, ಯಾವ ಭಾಷೆ, ಪರೀಕ್ಷೆ ಯಾವ ಬಗೆ, ಎಷ್ಟು ಗಂಟೆ.

ಎಡವುವುದೂ ಇಲ್ಲೇ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ರಿಂದ ಮಾರ್ಚ್ 31, ಬೇಸಿಗೆಯದು ಏಪ್ರಿಲ್ 1ರಿಂದ ಸೆಪ್ಟೆಂಬರ್ 30. ಎಷ್ಟೋ ಮಾಡ್ಯೂಲ್ ವರ್ಷಕ್ಕೊಮ್ಮೆ ಮಾತ್ರ, ಅದೂ ಬೇಸಿಗೆಯಲ್ಲಿ. ಇನ್ನು ಕೆಲವು ಎರಡು ಸೆಮಿಸ್ಟರ್ ಹರಡಿರುತ್ತವೆ. ಅರ್ಧ ಓದಿ ಬಂದರೆ ಅರ್ಧ ಕ್ರೆಡಿಟ್ ಸಿಗುತ್ತೆ ಅಂದುಕೊಳ್ಳಬೇಡಿ, ಕೊನೆಯ ಪರೀಕ್ಷೆ ಬರೆಯದಿದ್ದರೆ ಸಾಮಾನ್ಯವಾಗಿ ಏನೂ ಸಿಗಲ್ಲ. ಹೆಸರು ಇಂಗ್ಲಿಷಿನಲ್ಲಿದ್ದು ಪಾಠ ಜರ್ಮನ್‌ನಲ್ಲಿರುವ ಮಾಡ್ಯೂಲ್‌ಗಳೂ ಉಂಟು. ಭಾಷೆಯ ಸಾಲಿನಲ್ಲಿ "ಡಾಯ್ಚ್" ಅಂತಿದ್ದರೆ ಹೆಸರು ನೋಡಿ ಮೋಸ ಹೋಗಬೇಡಿ. ಮಾಸ್ಟರ್ಸ್ ಮಟ್ಟದ ಮಾಡ್ಯೂಲ್ ಆದರೆ ಪದವಿ ವಿದ್ಯಾರ್ಥಿಗೆ ಸೀಟಿದೆಯಾ ಅಂತ ವಿಭಾಗಕ್ಕೆ ಮೇಲ್ ಹಾಕಿ ಕೇಳಿಯೇ ಬರೆದುಕೊಳ್ಳಿ.

ಈಗ ಕ್ರೆಡಿಟ್ಟಿಗೆ ಬರೋಣ. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಪೂರ್ಣಾವಧಿ ಒಂದು ವರ್ಷಕ್ಕೆ 60, ಸೆಮಿಸ್ಟರ್‌ಗೆ 30. ಒಂದು ಇಸಿಟಿಎಸ್ ಅಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆ ಕೆಲಸ. ಜರ್ಮನಿಯಲ್ಲಿ ಬಹುಪಾಲು 30 ಹಿಡಿಯುತ್ತಾರೆ. ಇದು ಬರೀ ಪಾಠದ ಗಂಟೆಯಲ್ಲ, ಮನೆಯಲ್ಲಿ ಕೂತು ಓದುವುದು, ಅಭ್ಯಾಸ ಹಾಳೆ ಬಿಡಿಸುವುದು, ಪರೀಕ್ಷೆಗೆ ತಯಾರಾಗುವುದು ಎಲ್ಲಾ ಸೇರಿ. ಹಾಗಾಗಿ 6 ಕ್ರೆಡಿಟ್‌ನ ಮಾಡ್ಯೂಲ್‌ನ ಪುಟದಲ್ಲಿ ಹೀಗಿರುತ್ತೆ: ಒಟ್ಟು 180 ಗಂಟೆ, ಅದರಲ್ಲಿ 4 ಎಸ್‌ಡಬ್ಲ್ಯೂಎಸ್, ಅಂದರೆ ವಾರಕ್ಕೆ 45 ನಿಮಿಷದ ನಾಲ್ಕು ಪಾಠ, ಒಂದೊಂದನ್ನೂ ಪೂರ್ತಿ ಗಂಟೆ ಅಂತಲೇ ಎಣಿಸಿ 15 ವಾರಕ್ಕೆ 60 ಗಂಟೆ. ಉಳಿದ 120 ಗಂಟೆ ಸ್ವಂತ ಓದು.

ನಿಮ್ಮ ಕಾಲೇಜು ವಾರದ ಪಾಠದ ಗಂಟೆಯನ್ನೇ ಕ್ರೆಡಿಟ್ ಅಂತ ಎಣಿಸುವುದಾದರೆ ಆ 6 ಇಲ್ಲಿ 4 ಆಗುತ್ತೆ. 30ಕ್ಕೆ 20 ಅನ್ನೋ ಸೆಮಿಸ್ಟರ್ ಲೆಕ್ಕ ಹಿಡಿದರೂ ಒಂದೂವರೆಗೆ ಒಂದು, ಅದೇ 4. ಇಲ್ಲಿ ಎರಡೂ ಲೆಕ್ಕ ಒಂದೇ ಕಡೆ ಬಂದು ನಿಂತಿದೆ, ಆದರೆ ಎಲ್ಲಾ ಮಾಡ್ಯೂಲ್‌ಗೂ ಹೀಗಾಗಲ್ಲ. 2 ಎಸ್‌ಡಬ್ಲ್ಯೂಎಸ್‌ನ ಸೆಮಿನಾರಿಗೆ 4 ಇಸಿಟಿಎಸ್ ಇರಬಹುದು. ಪಾಠದ ಗಂಟೆ ಹಿಡಿದರೆ 2, ಅನುಪಾತ ಹಿಡಿದರೆ ಸುಮಾರು 2.67. ಯಾವ ಲೆಕ್ಕ ಅಂತ ಕಾಲೇಜಿನ ಪರೀಕ್ಷಾ ವಿಭಾಗದಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಬಾಯಿಮಾತಿನಲ್ಲಿ "ಆಗುತ್ತೆ ಬಿಡಪ್ಪಾ" ಅಂದವರು ನೀವು ವಾಪಸ್ ಬರೋ ಹೊತ್ತಿಗೆ ಬೇರೆ ಸೀಟಿನಲ್ಲಿ ಕೂತಿರುತ್ತಾರೆ.

ಫಾರ್ಮಿನಲ್ಲಿ ಎರಡು ಕೋಷ್ಟಕ ಇದೆ ನೋಡಿ. ಎ ಅಂದರೆ ಅಲ್ಲಿ ಓದುವ ಮಾಡ್ಯೂಲ್, ಬಿ ಅಂದರೆ ಅದರ ಬದಲಿಗೆ ಇಲ್ಲಿ ಬಿಟ್ಟುಹೋಗುವ ವಿಷಯ. ಎಲ್ಲರೂ ಎ ತುಂಬಲು ತಿಂಗಳು ತೆಗೆದುಕೊಂಡು ಬಿಯನ್ನು ಐದು ನಿಮಿಷದಲ್ಲಿ ಗೀಚುತ್ತಾರೆ. ನಿಮ್ಮ ಅಂಕಪಟ್ಟಿ ನಿರ್ಧಾರವಾಗುವುದು ಬಿಯಲ್ಲಿ. ಸಾಲಿಗೆ ಸಾಲು ಜೋಡಿ ಕಟ್ಟಬೇಕು ಅಂತೇನೂ ಎರಾಸ್ಮಸ್ (ಯುರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆ) ಮಾರ್ಗಸೂಚಿ ಹೇಳಲ್ಲ. ಎ ಗುಂಪು ಒಟ್ಟಾಗಿ ಬಿ ಗುಂಪಿಗೆ ಬದಲು ಅಂತ ಬರೆಯಬಹುದು. ಕಾಲೇಜು ಒಪ್ಪಿದರೆ ಗುಂಪಿಗೆ ಗುಂಪೇ ಮೇಲು, ಒಂದು ಮಾಡ್ಯೂಲ್ ಬದಲಾದರೆ ಇಡೀ ಕಟ್ಟಡ ಬೀಳಲ್ಲ. ವಿದ್ಯಾರ್ಥಿ, ಕಳಿಸುವ ಸಂಸ್ಥೆ, ಬರಮಾಡಿಕೊಳ್ಳುವ ಸಂಸ್ಥೆ, ಮೂವರ ಸಹಿಯೂ ಇರಬೇಕು. ಎರಡೇ ಸಹಿ ಇರುವ ಪ್ರತಿ ಬರೀ ಕರಡು.

ಅಂಕಗಣಿತ:

ಎರಡನೇ ಪ್ರಶ್ನೆ ನನಗೆ ಬಿಡಿ.

ಜರ್ಮನ್ ಅಂಕ ತಲೆಕೆಳಗು. 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. ನಡುವೆ 1.3, 1.7, 2.0, 2.3 ಹೀಗೆ ಮೆಟ್ಟಿಲು. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಇದೆ: 1.3 ಅಂತ ಬಂದ ಟ್ರಾನ್ಸ್‌ಕ್ರಿಪ್ಟನ್ನು ಹತ್ತಕ್ಕೆ 1.3 ಅಂತ ಕಂಪ್ಯೂಟರಿಗೆ ಏರಿಸಿಬಿಡುವುದು ಕಲ್ಪನೆಯ ಮಾತಲ್ಲ. ಅಂಕದ ಮಾನದಂಡ ಅಚ್ಚಾಗಿರುವ ಪುಟ ಟ್ರಾನ್ಸ್‌ಕ್ರಿಪ್ಟಿನ ಹಿಂಬದಿಯಲ್ಲೋ ಜೊತೆಯಲ್ಲೋ ಇರುತ್ತೆ. ಅದನ್ನೂ ಸೇರಿಸಿಯೇ ಕೊಡಿ.

ಪರಿವರ್ತನೆಗೆ ಹೆಚ್ಚು ಬಳಕೆಯಲ್ಲಿರೋದು ಮಾರ್ಪಡಿಸಿದ ಬವೇರಿಯನ್ ಸೂತ್ರ. ಹೊರದೇಶದ ಅಂಕವನ್ನು ಜರ್ಮನ್ ಅಂಕ ಮಾಡಲು ಹುಟ್ಟಿದ್ದು ಅದು. ಗರಿಷ್ಠದಿಂದ ನಿಮಗೆ ಬಂದದ್ದನ್ನು ಕಳೆಯಿರಿ, ಗರಿಷ್ಠದಿಂದ ಪಾಸಿನ ಅಂಕವನ್ನು ಕಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ನಿಮಗೆ ಬೇಕಾದ್ದು ಇದರ ಹಿಂದುಮುಂದು. ನಿಮ್ಮಲ್ಲಿ ಗರಿಷ್ಠ 10, ಪಾಸು 4 ಅಂತಿಟ್ಟುಕೊಂಡರೆ: ಜರ್ಮನ್ ಅಂಕದಿಂದ 1 ಕಳೆದು, 3ರಿಂದ ಭಾಗಿಸಿ, 6ರಿಂದ ಗುಣಿಸಿ, ಬಂದದ್ದನ್ನು 10ರಿಂದ ಕಳೆಯಿರಿ. 1.7 ಬಂದರೆ 8.6. 2.3 ಬಂದರೆ 7.4. 3.0 ಬಂದರೆ 6. 4.0 ಬಂದರೆ ಸರಿಯಾಗಿ 4.

ನಿಮ್ಮ ಕಾಲೇಜು ಇದೇ ಸೂತ್ರ ಹಿಡಿಯಬೇಕು ಅಂತ ಯಾವ ಕಟ್ಟಳೆಯೂ ಇಲ್ಲ. ಕೆಲವು ಕಡೆ ತಮ್ಮದೇ ಕೋಷ್ಟಕ ಇರುತ್ತೆ. ಕೆಲವು ಕಡೆ ಬರೀ "ಪಾಸು" ಅಂತ ಬರೆದು ಸಿಜಿಪಿಎಗೆ ಸೇರಿಸುವುದೇ ಇಲ್ಲ. ಆಯ್ಕೆ ಕೊಟ್ಟರೆ ನನ್ನ ಅಭಿಪ್ರಾಯ "ಪಾಸು" ಕಡೆಗೆ. ಕಂಪ್ಯೂಟರ್ ಸೈನ್ಸ್ ಲಿಖಿತ ಪರೀಕ್ಷೆಗಳಲ್ಲಿ 2.7, 3.0 ಬರೋದು ಮಾಮೂಲು, ಹೊಸ ಪದ್ಧತಿಗೆ ಹೊಂದಿಕೊಳ್ಳುತ್ತಿರುವವರಿಗೆ ಇನ್ನೂ ಮಾಮೂಲು. ಎಂಟರ ಮೇಲಿರುವ ಸಿಜಿಪಿಎಯನ್ನು ಅದಕ್ಕೆ ಯಾಕೆ ಒಡ್ಡಬೇಕು? ಮುಂದೆ ಅದೇ ದೇಶದಲ್ಲಿ ಮಾಸ್ಟರ್ಸ್ ಮಾಡುವ ಯೋಚನೆ ಇದ್ದರೆ ಮಾತ್ರ ಅಂಕ ಕಾಣಿಸುವುದು ಲಾಭ.

ಇನ್ನೊಂದು: ಬೇರೆ ದೇಶದ ಅಂಕವನ್ನು ನೂರಕ್ಕೆ ಇಷ್ಟು ಅಂತ ನೇರ ಓದುವುದು ತಪ್ಪು. ಬ್ರಿಟನ್ನಿನಲ್ಲಿ 40 ಪಾಸು, 70 ಮುಟ್ಟಿದರೆ ಪ್ರಥಮ ದರ್ಜೆ, 80 ದಾಟುವವರು ಕಡಿಮೆ. ಅಲ್ಲಿನ 65 ಒಳ್ಳೆಯ ಅಂಕ, ಇಲ್ಲಿ ನೇರ 65 ಅಂತ ಬರೆದರೆ ಹುಡುಗನಿಗೆ ನಷ್ಟ. ಅದಕ್ಕೇ ಇಸಿಟಿಎಸ್ ಕೈಪಿಡಿ ಅಂಕ ಹಂಚಿಕೆಯ ಪಟ್ಟಿ ಕೊಡಲು ಹೇಳುತ್ತೆ, ಯಾವ ಅಂಕ ಶೇಕಡಾ ಎಷ್ಟು ಮಂದಿಗೆ ಬಂದಿದೆ ಅಂತ. ಕೇಳಿ ತೆಗೆದುಕೊಳ್ಳಿ, ತಾನಾಗಿ ಕೈಗೆ ಬರುವುದು ಅಪರೂಪ.

ಕಾಲುಗಂಟೆ_ತಡ:

ಪರೀಕ್ಷೆ ವಿಷಯ ಯಾರೂ ಮುಟ್ಟಿಲ್ಲ, ಜನ ಹೆಚ್ಚು ಬೀಳುವ ಗುಂಡಿಯೇ ಅದು ಮಾರಾಯ್ರೆ.

ಜರ್ಮನಿಯಲ್ಲಿ ಕೋರ್ಸಿಗೆ ಹೆಸರು ಕೊಡುವುದು ಬೇರೆ, ಪರೀಕ್ಷೆಗೆ ಹೆಸರು ಕೊಡುವುದು ಬೇರೆ. ತಿಂಗಳುಗಟ್ಟಲೆ ಪಾಠಕ್ಕೆ ಕೂತು, ಎಲ್ಲಾ ಅಭ್ಯಾಸ ಹಾಳೆ ಬಿಡಿಸಿ, ಪರೀಕ್ಷಾ ನೋಂದಣಿಯ ಗಡುವು ತಪ್ಪಿಸಿಕೊಂಡರೆ ಹಾಲ್‌ನಿಂದ ವಾಪಸ್ ಕಳಿಸುತ್ತಾರೆ. ಗಡುವು ಒಂದೊಂದು ವಿಭಾಗಕ್ಕೆ ಒಂದೊಂದು, ಎಷ್ಟೋ ಕಡೆ ಪರೀಕ್ಷೆಗೆ ಹಲವು ವಾರ ಮೊದಲೇ ಮುಗಿದಿರುತ್ತೆ. ಎಕ್ಸ್‌ಚೇಂಜ್ ವಿದ್ಯಾರ್ಥಿಗಳಿಗೆ ಪೋರ್ಟಲ್‌ನಲ್ಲಿ ಬಟನ್ನೇ ಕಾಣದೆ, ಪ್ರೂಫುಂಗ್ಸಾಮ್ಟ್ ಅನ್ನುವ ಪರೀಕ್ಷಾ ಕಚೇರಿಗೆ ಕಾಗದದ ಫಾರ್ಮ್ ಕೊಡಬೇಕಾದ ಸಂದರ್ಭವೂ ಇದೆ. ಪಾಠ ಶುರುವಾದ ಮೊದಲ ವಾರದಲ್ಲೇ ಆ ಕಚೇರಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ: "ನನ್ನ ನೋಂದಣಿ ಎಲ್ಲಿ, ಯಾವ ತಾರೀಖಿನವರೆಗೆ?"

ಎಷ್ಟೋ ಗಣಿತ, ಕಂಪ್ಯೂಟರ್ ಮಾಡ್ಯೂಲ್‌ಗಳಲ್ಲಿ ಅಭ್ಯಾಸ ಹಾಳೆಗಳಲ್ಲಿ ಅರ್ಧದಷ್ಟು ಅಂಕ ಗಳಿಸಿದವರಿಗೆ ಮಾತ್ರ ಪರೀಕ್ಷೆಗೆ ಪ್ರವೇಶ. ಹಾಳೆಗೆ ಅಂತಿಮ ಅಂಕದಲ್ಲಿ ಪಾಲಿಲ್ಲ ಅಂತ ಅಸಡ್ಡೆ ಮಾಡಿದವರು ಡಿಸೆಂಬರ್‌ನಲ್ಲಿ ಲೆಕ್ಕ ಹಾಕಿ ಬೆವರುತ್ತಾರೆ.

ಈಗ ನಿಮ್ಮ ಜನವರಿ ಸಮಸ್ಯೆ. ಪಾಠ ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಮೊದಲಾರ್ಧದವರೆಗೆ, ಲಿಖಿತ ಪರೀಕ್ಷೆ ಅದಾದ ಮೇಲೆ. ಕ್ರಿಸ್ಮಸ್ ರಜೆಗೆ ಹೊರಟು ಬಂದುಬಿಟ್ಟರೆ ಸೆಮಿಸ್ಟರ್ ಹೋಯಿತು ಅಂತಲೇ ಅರ್ಥ. ದಾರಿ ಎರಡು. ಕಡಿಮೆ ವಿದ್ಯಾರ್ಥಿಗಳಿರುವ ಮಾಡ್ಯೂಲ್‌ಗಳಲ್ಲಿ 20–30 ನಿಮಿಷದ ಮೌಖಿಕ ಪರೀಕ್ಷೆ ಇರುತ್ತೆ, ಪ್ರಾಧ್ಯಾಪಕರು ಒಪ್ಪಿದರೆ ದಿನಾಂಕ ಹಿಂದಕ್ಕೆ ತರಬಹುದು. ನವೆಂಬರ್‌ನಲ್ಲೇ ಕೇಳಬೇಕು, ಜನವರಿಯಲ್ಲಿ ಕೇಳಿದರೆ ತಡ. 200 ಜನ ಬರೆಯುವ ಲಿಖಿತ ಪರೀಕ್ಷೆಯನ್ನು ನಿಮ್ಮೊಬ್ಬರಿಗಾಗಿ ಯಾರೂ ಜರುಗಿಸಲ್ಲ. ಇನ್ನೊಂದು ದಾರಿ, ಆರನೇ ಸೆಮಿಸ್ಟರ್‌ಗೆ ತಡವಾಗಿ ಸೇರಲು ಕಾಲೇಜಿನಿಂದ ಈಗಲೇ ಅನುಮತಿ ಪತ್ರ ಪಡೆಯುವುದು, ಹಾಜರಾತಿ ವಿನಾಯಿತಿಯ ಸಾಲು ಅದರಲ್ಲೇ ಇರುವ ಹಾಗೆ. ನನ್ನ ಪ್ರಕಾರ ಇದೇ ಗಟ್ಟಿ ದಾರಿ.

ಪ್ರಬಂಧ ಬರೆಯುವ ಮಾಡ್ಯೂಲ್ ತೆಗೆದುಕೊಂಡರೆ ಪರೀಕ್ಷೆ ತಪ್ಪುತ್ತೆ ನಿಜ, ಆದರೆ ಸಲ್ಲಿಸುವ ಗಡುವು ಮಾರ್ಚ್ ಕೊನೆಗಿದ್ದು ತಿದ್ದಿ ಅಂಕ ಬರಲು ಇನ್ನಷ್ಟು ವಾರ ಹಿಡಿದರೆ ಟ್ರಾನ್ಸ್‌ಕ್ರಿಪ್ಟ್ ಮೇ ದಾಟಬಹುದು. ಪರೀಕ್ಷೆ ದಿನ ಹುಷಾರಿಲ್ಲದಿದ್ದರೆ ಅವತ್ತೇ ವೈದ್ಯರ ಬಳಿ ಹೋಗಿ ಪತ್ರ ಪಡೆದು ತಡಮಾಡದೆ ಪರೀಕ್ಷಾ ಕಚೇರಿಗೆ ತಲುಪಿಸಿ. ಸುಮ್ಮನೆ ಗೈರಾದರೆ 5.0 ಅಂತ ದಾಖಲಾಗುತ್ತೆ.

ವೇಳಾಪಟ್ಟಿಯಲ್ಲಿ "14 ಸಿ.ಟಿ." ಅಂತಿದ್ದರೆ ಪಾಠ ಶುರುವಾಗೋದು 14:15ಕ್ಕೆ, "ಎಸ್.ಟಿ." ಅಂತಿದ್ದರೆ ಸರಿಯಾಗಿ 14:00ಕ್ಕೆ. ಪರೀಕ್ಷೆಯ ನೋಟಿಸಿನಲ್ಲಿ ಈ ಎರಡಕ್ಷರ ನೋಡದೆ ಹೊರಡಬೇಡಿ.

ಐದನೇಸೆಮ್:

ತುಂಬಾ ಥ್ಯಾಂಕ್ಸ್. ಕೈಪಿಡಿ ತೆಗೆದು ನೋಡಿದೆ. ನನ್ನ ಪಟ್ಟಿ: ಮಷೀನ್ ಲರ್ನಿಂಗ್ 6, ಕಂಪ್ಯೂಟರ್ ನೆಟ್‌ವರ್ಕ್ 6, ಸಾಫ್ಟ್‌ವೇರ್ ಎಂಜಿನಿಯರಿಂಗ್ 6, ಡೇಟಾಬೇಸ್ ಸೆಮಿನಾರ್ 4, ಜರ್ಮನ್ ಭಾಷೆ 5. ಒಟ್ಟು 27. ಕಡತಪ್ರೇಮಿಯವರು ಹೇಳಿದಂತೆಯೇ ಆಯಿತು, ನೆಟ್‌ವರ್ಕ್ ಬೇಸಿಗೆಯಲ್ಲಿ ಮಾತ್ರ. ಅದು ಹೋದರೆ 21. ಚಳಿಗಾಲದಲ್ಲಿ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್ 6 ಇದೆ, ಆದರೆ ನಮ್ಮ ವಿಭಾಗದವರು "ನೆಟ್‌ವರ್ಕ್ ಕಡ್ಡಾಯ ವಿಷಯ, ಅದರ ಬದಲು ಇದು ನಡೆಯಲ್ಲ" ಅಂದರು. ನಮ್ಮ 20 ಹೀಗಿದೆ: ನೆಟ್‌ವರ್ಕ್ 4, ಮಷೀನ್ ಲರ್ನಿಂಗ್ 4, ಸಾಫ್ಟ್‌ವೇರ್ 4, ಇಲೆಕ್ಟಿವ್ 3, ಓಪನ್ ಇಲೆಕ್ಟಿವ್ 3, ಲ್ಯಾಬ್ 2. ಅನುಪಾತ ಒಂದೂವರೆಗೆ ಒಂದು ಅಂತ ಮೇಲ್‌ನಲ್ಲಿ ಬರೆದು ಕೊಟ್ಟಿದ್ದಾರೆ.

ಕಡತಪ್ರೇಮಿ:

ವಿಭಾಗದವರ ಜೊತೆ ಜಗಳ ಬೇಡ. ನೆಟ್‌ವರ್ಕನ್ನು ಬಿ ಕೋಷ್ಟಕದಿಂದಲೇ ತೆಗೆದುಬಿಡಿ. ವಾಪಸ್ ಬಂದ ಮೇಲೆ ಏಳನೇ ಸೆಮಿಸ್ಟರ್‌ನಲ್ಲಿ ಜೂನಿಯರ್‌ಗಳ ಜೊತೆ ಆ 4 ಕ್ರೆಡಿಟ್ ಮುಗಿಸುತ್ತೇನೆ ಅಂತ ಬರೆದುಕೊಟ್ಟು ಒಪ್ಪಿಗೆ ಪಡೆಯಿರಿ. ಏಳನೇ ಸೆಮಿಸ್ಟರ್‌ನ ಗರಿಷ್ಠ ಕ್ರೆಡಿಟ್ ಮಿತಿಯೊಳಗೆ ಅದು ಹಿಡಿಯುತ್ತಾ ಅಂತ ಮಾತ್ರ ನೋಡಿಕೊಳ್ಳಿ. ಆಗ ಬಿಯಲ್ಲಿ ಉಳಿಯೋದು 16 ಕ್ರೆಡಿಟ್, ಅದಕ್ಕೆ ಬೇಕಾದ್ದು 24 ಇಸಿಟಿಎಸ್.

ಎ ಕೋಷ್ಟಕದಲ್ಲಿ ಮಷೀನ್ ಲರ್ನಿಂಗ್ 6, ಸಾಫ್ಟ್‌ವೇರ್ 6, ಡಿಸ್ಟ್ರಿಬ್ಯೂಟೆಡ್ 6, ಜರ್ಮನ್ 5. ಆಯಿತು 23. ಸೆಮಿನಾರ್ ಸೇರಿಸಿದರೆ 27, ಆದರೆ ನಿಮ್ಮ ಲ್ಯಾಬ್‌ಗೆ ಸೆಮಿನಾರ್ ಹೊಂದಲ್ಲ, ಅದು ಒಂದು ಭಾಷಣ, ಒಂದು ವರದಿ, ಅಷ್ಟೇ. ಅದರ ಬದಲು ಪ್ರಾಕ್ಟಿಕುಮ್ ಅಂತ ಕೈಪಿಡಿಯಲ್ಲಿ ಹುಡುಕಿ. ಪ್ರೋಗ್ರಾಮಿಂಗ್ ಪ್ರಾಜೆಕ್ಟ್ ಮಾಡುವ ಪ್ರಾಯೋಗಿಕ ಮಾಡ್ಯೂಲ್, ಹೆಚ್ಚಾಗಿ 6 ಇರುತ್ತೆ. ಸೀಟು ಕಡಿಮೆ, ಹಂಚಿಕೆ ಪಾಠ ಶುರುವಾಗುವ ಮುಂಚೆಯೇ ನಡೆಯುತ್ತೆ, ಈಗಿನಿಂದಲೇ ಕಣ್ಣಿಡಿ. ಸಿಕ್ಕರೆ ಒಟ್ಟು 29. ಜರ್ಮನ್ ಭಾಷೆ ಕೈಕೊಟ್ಟರೂ 24 ಉಳಿಯುತ್ತೆ. 6ರ ಮಾಡ್ಯೂಲ್ ಒಂದು ಹೋದರೆ 23, ಒಂದು ಕಡಿಮೆ. ಅದಕ್ಕಾಗಿ ಸೆಮಿನಾರನ್ನು ಏಳನೆಯ ಸಾಲಿನ ಬದಲಿಯಾಗಿ ಮನಸ್ಸಿನಲ್ಲಿಟ್ಟಿರಿ, ಫಾರ್ಮಿನಲ್ಲಿ ಬೇಡ.

ತಪ್ಪಾಯಿತು, ಆರನೆಯ ಸಾಲು.

ಭಾಷಾ ಕೋರ್ಸನ್ನು ಓಪನ್ ಇಲೆಕ್ಟಿವ್ ಅಂತ ಒಪ್ಪುತ್ತಾರಾ ಅಂತ ಬರವಣಿಗೆಯಲ್ಲಿ ಕೇಳಿ. ಕೆಲವು ಕಡೆ ಅದಕ್ಕೆ ಕ್ರೆಡಿಟ್ ಕೊಡಲ್ಲ. ಅಲ್ಲಿ ಹೋದ ಮೇಲೆ ಏನೇ ಬದಲಾದರೂ ಬದಲಾವಣೆಯ ಕೋಷ್ಟಕ ತುಂಬಿ ಮತ್ತೆ ಮೂರೂ ಸಹಿ ಹಾಕಿಸಬೇಕು. ಎರಾಸ್ಮಸ್ ಅಡಿ ಹೋದವರಿಗೆ ಸೆಮಿಸ್ಟರ್ ಶುರುವಾದ ಐದು ವಾರದೊಳಗೆ ಕೇಳಬೇಕು ಅನ್ನೋ ಮಾರ್ಗಸೂಚಿ ಇದೆ. ಎರಡು ಸಂಸ್ಥೆಗಳ ಒಪ್ಪಂದದ ಮೇಲೆ ಹೋದವರಿಗೆ ಆ ಸಂಸ್ಥೆಗಳು ಹಾಕಿದ್ದೇ ಗಡುವು.

ಪಡಸಾಲೆ:

ಕ್ರೆಡಿಟ್ ಮಾತಿನ ನಡುವೆ ಮನೆ ವಿಷಯ ಒಂದಿಷ್ಟು. ವಿಶ್ವವಿದ್ಯಾಲಯದ ಪ್ರವೇಶ ಸಿಕ್ಕರೆ ಹಾಸ್ಟೆಲ್ ತಾನಾಗಿ ಸಿಗಲ್ಲ. ಬಹುತೇಕ ಹಾಸ್ಟೆಲ್‌ಗಳು ಸ್ಟುಡೀರೆಂಡೆನ್‌ವೆರ್ಕ್ ಅನ್ನೋ ಬೇರೆ ಸಂಸ್ಥೆಯ ಕೈಯಲ್ಲಿ, ಅರ್ಜಿ ಬೇರೆಯೇ ಹಾಕಬೇಕು. ಒಪ್ಪಂದ ಸಾಮಾನ್ಯವಾಗಿ ಮಾರ್ಚ್ 31ರವರೆಗೆ, ಫೆಬ್ರವರಿಯಲ್ಲಿ ಹೊರಟರೂ ಬಾಡಿಗೆ ಓಡುತ್ತಿರುತ್ತೆ. ಖಾಸಗಿ ಕೋಣೆ ಆದರೆ ಠೇವಣಿ ಮೂರು ತಿಂಗಳ ಮೂಲ ಬಾಡಿಗೆ ಮೀರುವಂತಿಲ್ಲ ಅಂತ ಕಾನೂನೇ ಇದೆ. "ನಾನು ಊರಲ್ಲಿಲ್ಲ, ದುಡ್ಡು ಹಾಕಿ, ಕೀ ಕೊರಿಯರ್ ಮಾಡ್ತೇನೆ" ಅಂದರೆ ಅದು ಮೋಸವೇ, ಅನುಮಾನ ಬೇಡ.

ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಅದಕ್ಕೆ ಬಾಡಿಗೆ ಕರಾರು ಸಾಲದು, ಮನೆ ಕೊಟ್ಟವರು ಸಹಿ ಹಾಕಿದ ದೃಢೀಕರಣ ಪತ್ರ ಬೇರೆ ಬೇಕು. ಕೀ ತೆಗೆದುಕೊಳ್ಳುವಾಗಲೇ ಕೇಳಿ. ವಾಪಸ್ ಬರುವಾಗ ನೋಂದಣಿ ರದ್ದು ಮಾಡಿಸಿ, ಹೊರಡುವ ಒಂದು ವಾರ ಮೊದಲಿನಿಂದ ಮಾಡಬಹುದು. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್ (ಖರ್ಚಿನ ಹಣ ಮೊದಲೇ ಹಾಕಿಟ್ಟು ತಿಂಗಳಿಗಿಷ್ಟೇ ತೆಗೆಯಬಹುದಾದ ಖಾತೆ) ತೋರಿಸುವುದಾದರೆ 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಲೆಕ್ಕ ತಿಂಗಳಿಗೆ 992 ಯೂರೋ, ಆರು ತಿಂಗಳಿಗೆ 5,952. ಹಣ ಹಾಕುವ ಮುಂಚೆ ರಾಯಭಾರ ಕಚೇರಿಯ ಪುಟದಲ್ಲಿ ಚಾಲ್ತಿ ಮೊತ್ತ ನೋಡಿಕೊಳ್ಳಿ.

ಇಣುಕುನೋಟ:

ಗುರುಗಳೇ, ಅಮೆರಿಕಕ್ಕೆ ಎಕ್ಸ್‌ಚೇಂಜ್ ಹೋಗೋರಿಗೂ ಇದೇ ಲೆಕ್ಕನಾ?

ಅಂಕಗಣಿತ:

ಅಲ್ಲ. ಅಲ್ಲಿ ಸೆಮಿಸ್ಟರ್‌ಗೆ ಸುಮಾರು 15 ಕ್ರೆಡಿಟ್, ಅಂದರೆ ಒಂದು ಅಮೆರಿಕನ್ ಕ್ರೆಡಿಟ್‌ಗೆ ಎರಡು ಇಸಿಟಿಎಸ್ ಹತ್ತಿರ. ಪರೀಕ್ಷೆಗೆ ಪ್ರತ್ಯೇಕ ನೋಂದಣಿ ಇಲ್ಲ, ಆದರೆ ಅಂಕ ಮೊದಲ ವಾರದಿಂದಲೇ ಜಮೆಯಾಗುತ್ತೆ: ಹೋಂವರ್ಕ್, ಕ್ವಿಜ್, ಮಿಡ್‌ಟರ್ಮ್, ಕೆಲವು ಕಡೆ ತರಗತಿಯಲ್ಲಿ ಮಾತಾಡಿದ್ದಕ್ಕೂ. ಯಾವುದಕ್ಕೆ ಶೇಕಡಾ ಎಷ್ಟು ಅಂತ ಸಿಲಬಸ್‌ನಲ್ಲಿ ಅಚ್ಚಾಗಿರುತ್ತೆ. ಕೊನೆಯ ತಿಂಗಳು ಕೂತು ಓದಿ ದಡ ಸೇರುವ ಆಟ ಅಲ್ಲಿ ನಡೆಯಲ್ಲ.

ದೊಡ್ಡ ಅಪಾಯ ಕೋರ್ಸ್ ಬಿಡುವುದು. ಪದವಿ ವಿದ್ಯಾರ್ಥಿ ಪೂರ್ಣಾವಧಿ ಅನ್ನಿಸಿಕೊಳ್ಳಲು ಸಾಮಾನ್ಯವಾಗಿ 12 ಕ್ರೆಡಿಟ್ ಬೇಕು, ವೀಸಾ ನಿಂತಿರೋದು ಅದರ ಮೇಲೆ. 13 ತೆಗೆದುಕೊಂಡವರು ಕಷ್ಟವಾಯಿತು ಅಂತ 3ರ ಕೋರ್ಸ್ ಬಿಟ್ಟರೆ 10ಕ್ಕೆ ಬಂದರು. ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯ ಅನುಮತಿ ಮೊದಲು, ಪೋರ್ಟಲ್‌ನ ಬಟನ್ ಆಮೇಲೆ. ಎಕ್ಸ್‌ಚೇಂಜ್‌ನವರಿಗೆ ಹೆಚ್ಚಾಗಿ ಜೆ-1 ವೀಸಾ ಇರುತ್ತೆ, ಅದಕ್ಕೆ ವಿಮೆಯ ನಿಯಮ ಬೇರೆ: ಒಂದು ಅಪಘಾತ ಅಥವಾ ಕಾಯಿಲೆಗೆ ಕನಿಷ್ಠ 1,00,000 ಡಾಲರ್ ರಕ್ಷಣೆ ಇರಬೇಕು, ವಿಮೆ ಕೊಡಲು ಶುರುಮಾಡುವ ಮುಂಚೆ ನಾವು ಕೈಯಿಂದ ಹಾಕುವ ಪಾಲು (ಡಿಡಕ್ಟಿಬಲ್) 500 ಡಾಲರ್ ದಾಟಬಾರದು. ಅಗ್ಗದ ಪ್ರವಾಸಿ ವಿಮೆ ಇದಕ್ಕೆ ಸಾಲುತ್ತಾ ಅಂತ ನೋಡದೆ ಕೊಳ್ಳಬೇಡಿ.

ಕಾಲುಗಂಟೆ_ತಡ:

ಐದನೇಸೆಮ್, ಇದೊಂದನ್ನು ಈಗಲೇ ಕ್ಯಾಲೆಂಡರ್‌ಗೆ ಹಾಕಿಡಿ, ಮಾರ್ಚ್ 20ರ ಸುಮಾರಿಗೆ. ಸೆಮಿಸ್ಟರ್ ಮುಗಿದ ಮೇಲೆ ಎಕ್ಸ್‌ಚೇಂಜ್ ವಿದ್ಯಾರ್ಥಿಯ ಲಾಗಿನ್, ವಿಶ್ವವಿದ್ಯಾಲಯದ ಮೇಲ್ ಎರಡೂ ಕೆಲವೇ ವಾರದಲ್ಲಿ ಮುಚ್ಚಬಹುದು. ಆದರೆ ಒಂದೆರಡು ಅಂಕ ಏಪ್ರಿಲ್‌ನಲ್ಲಿ ಬರುತ್ತೆ. ಅದಕ್ಕೇ ಮುಂಚೆಯೇ ಪರೀಕ್ಷಾ ಕಚೇರಿಗೂ ಅಂತರರಾಷ್ಟ್ರೀಯ ಕಚೇರಿಗೂ ನಿಮ್ಮ ಖಾಸಗಿ ಮೇಲ್ ವಿಳಾಸ ಕೊಟ್ಟಿರಿ. ನೀವು ಓದಿದ ಸೆಮಿಸ್ಟರ್‌ನ ಮಾಡ್ಯೂಲ್ ಪುಟಗಳನ್ನು ಪಿಡಿಎಫ್ ಮಾಡಿ ಇಳಿಸಿಕೊಳ್ಳಿ. ಮುಂದಿನ ವರ್ಷದ ಕೈಪಿಡಿಯಲ್ಲಿ ಹೆಸರೋ ಕ್ರೆಡಿಟ್ಟೋ ಬದಲಾಗಿದ್ದರೆ ನಿಮ್ಮ ಟ್ರಾನ್ಸ್‌ಕ್ರಿಪ್ಟಿಗೆ ಸಾಕ್ಷಿ ಇರಲ್ಲ. ಬಂದ ದಿನ, ಹೊರಟ ದಿನ ನಮೂದಿಸಿದ ದೃಢೀಕರಣ ಪತ್ರಕ್ಕೆ ಖುದ್ದಾಗಿ ಹೋಗಿ ಮುದ್ರೆ ಹಾಕಿಸಿ, ವಿದ್ಯಾರ್ಥಿವೇತನ ಇದ್ದರೆ ಅದರ ದಿನದ ಲೆಕ್ಕ ನಡೆಯೋದೇ ಆ ಪತ್ರದಿಂದ.

ಟ್ರಾನ್ಸ್‌ಕ್ರಿಪ್ಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇದೆಯಾ ಅಂತ ಹೊರಡುವ ಮುಂಚೆ ಪೋರ್ಟಲ್‌ನಲ್ಲೇ ನೋಡಿ. ಇನಿಷಿಯಲ್ ಬಿಡಿಸಿ ಬರೆದು ಹೆಸರು ಹಿಂದುಮುಂದಾಗಿರೋದು ಸಾಮಾನ್ಯ. ಅಲ್ಲಿದ್ದಾಗ ಒಂದು ಕೌಂಟರ್‌ಗೆ ಹೋದರೆ ಸರಿಯಾಗುತ್ತೆ, ಇಲ್ಲಿಂದ ಆದರೆ ಒಂದೊಂದು ಮೇಲ್‌ಗೂ ಒಂದೊಂದು ವಾರ.